ಲೈಸೆನ್ಸ್ ಕೋವಿ ಠಾಣೆಯಲ್ಲಿ, ಕಳ್ಳಕೋವಿ ಕಾಡಿನಲ್ಲಿ

ಮಾನ್ಯ ಸಂಪಾದಕರೇ,

ಚುನಾವಣೆ ಘೋಷಣೆ ಆದ ಕೆಲವೇ ದಿನಕ್ಕೆ ನಮ್ಮ ಕಡೆಯ ರೈತರಿಗೆ ಠಾಣೆಯಿಂದ ಫೋನು ಬರುತ್ತದೆ, "ಕೋವಿ ತಂದು ಠೇವಣಿ ಇಡಿ" ಅಂತ. ನನ್ನ ಹತ್ತಿರ ಇರುವುದು ಅಪ್ಪನ ಕಾಲದ ಒಂಟಿ ನಳಿಗೆಯ ತೋಟೆ ಕೋವಿ. ಲೈಸೆನ್ಸ್ ಇದೆ, ನವೀಕರಣ ತಪ್ಪಿಸಿಲ್ಲ, ನನ್ನ ಮೇಲೆ ಒಂದು ಕೇಸೂ ಇಲ್ಲ. ಆದರೂ ಪ್ರತಿ ಸಲ ಇಟ್ಟು ಬರಬೇಕು. ಹಿಂದಿನ ಲೋಕಸಭೆ ಚುನಾವಣೆಯ ಫಲಿತಾಂಶ ಬಂದು, ಅದನ್ನು ವಾಪಸ್ ತರಲು ಹೋಗುವಷ್ಟರಲ್ಲಿ ಮಳೆ ಹಿಡಿದಿತ್ತು. ತೇವದ ಕೋಣೆಯಲ್ಲಿ ಊರಿನವರ ಕೋವಿಗಳನ್ನೆಲ್ಲ ಗೋಡೆಗೆ ಒರಗಿಸಿ, ದಾರದಲ್ಲಿ ಚೀಟಿ ಕಟ್ಟಿ ಇಟ್ಟಿದ್ದರು. ನನ್ನ ಚೀಟಿಯ ಶಾಯಿ ನೀರು ತಾಗಿ ಅಳಿಸಿಹೋಗಿತ್ತು. ಕೋವಿಯ ಮೇಲಿನ ನಂಬರ್ ನೋಡಿ ನಾನೇ ಹುಡುಕಿಕೊಂಡೆ. ನಳಿಗೆಯೊಳಗೆ ಬೆಳಕು ಹಿಡಿದು ನೋಡಿದರೆ ಕೆಂಪು ತುಕ್ಕು.

ಚುನಾವಣಾ ಆಯೋಗದ ಸೂಚನೆಯಲ್ಲೇ ಜಿಲ್ಲಾ ಮಟ್ಟದ ಸಮಿತಿ ಒಂದೊಂದೇ ಲೈಸೆನ್ಸ್ ಪರಿಶೀಲಿಸಬೇಕು ಅಂತಿದೆ. ಜಾಮೀನಿನ ಮೇಲಿರುವವರು, ಹಳೇ ಕ್ರಿಮಿನಲ್ ಕೇಸಿನವರು, ಗಲಾಟೆಯಲ್ಲಿ ಸಿಕ್ಕವರು, ಇಂಥವರ ಕೋವಿ ಇಸ್ಕೊಳ್ಳಲಿ, ಸರಿ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸುಲಭ, ಹಾಗಾಗಿ ನಿಲ್ಲಿಸುತ್ತಾರೆ, ಅಷ್ಟೇ.

ನಾನು ಬರೆಯಲು ಕೂತದ್ದು ಇದಕ್ಕಿಂತ ದೊಡ್ಡ ವಿಷಯಕ್ಕೆ. ನಮ್ಮ ಕೋವಿ ಠಾಣೆಯಲ್ಲಿ ತುಕ್ಕು ಹಿಡಿಯುವಾಗ ಕಳ್ಳಕೋವಿಗಳು ಎಲ್ಲಿರುತ್ತವೆ? ಯಾವ ರಿಜಿಸ್ಟರಿನಲ್ಲೂ ಇಲ್ಲದ, ನಂಬರ್ ಇಲ್ಲದ, ಯಾರೋ ಮಾಡಿಕೊಟ್ಟ ಕೇಪಿನ ಕೋವಿಗಳು. ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯವು, ಪೊಲೀಸರ ಭಾಷೆಯಲ್ಲಿ ಎಸ್‌ಬಿಎಂಎಲ್. ಮಲೆನಾಡಿನಲ್ಲಿ ಇದು ಗುಟ್ಟೇನಲ್ಲ. ಶಿಕಾರಿಗೆ ಹೋದವರಲ್ಲಿ ಒಬ್ಬ ಹಂದಿ ಅಂದುಕೊಂಡು ಜೊತೆಯವನಿಗೇ ಈಡು ಹೊಡೆದ ಅಂತ ಸುದ್ದಿ ಬರುತ್ತಲೇ ಇರುತ್ತದೆ, ಕೊನೆಯ ಸಾಲಿನಲ್ಲಿ "ಪರವಾನಗಿ ಇಲ್ಲದ ನಾಡಬಂದೂಕು" ಅಂತ ಎಷ್ಟು ಸಲ ಓದಿಲ್ಲ ನಾವು? ಕೇಸಿನ ಭಯಕ್ಕೆ ಗಾಯಾಳುವನ್ನು ಆಸ್ಪತ್ರೆಗೆ ತಡವಾಗಿ ಒಯ್ಯುವುದೂ ಇದೆ. ಕೆಟ್ಟ ನಳಿಗೆ ಸಿಡಿದರೆ ಹಿಡಿದವನ ಬೆರಳೇ ಹೋಗುತ್ತದೆ.

ಪೇಟೆಯಲ್ಲಿ ಇದರ ತಮ್ಮ ನಾಡ ಪಿಸ್ತೂಲು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡೇಟಿಗೆ ಬಲಿಯಾದರು. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಬಂತು. ಬಿಹಾರದ ಮುಂಗೇರಿನಲ್ಲಿ 1760ರ ದಶಕದಲ್ಲಿ ನವಾಬ ಮೀರ್ ಕಾಸಿಂ ಬಂದೂಕು ಕಾರ್ಖಾನೆ ಇಟ್ಟ. ಆ ಕಸುಬು ಇವತ್ತು ಅಲ್ಲಿನ ಕಳ್ಳ ಕಾರ್ಖಾನೆಗಳವರೆಗೂ ಬಂದಿದೆ. 2019ರ ಡಿಸೆಂಬರಿನಲ್ಲಿ ಕೇಂದ್ರ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು, ಕಳ್ಳತನದಲ್ಲಿ ಶಸ್ತ್ರ ತಯಾರಿಸಿದವರಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇಟ್ಟರು. ಒಳ್ಳೆಯದೇ. ಜೊತೆಗೆ ಲೈಸೆನ್ಸುದಾರ ಮೂರು ಕೋವಿ ಇಟ್ಟುಕೊಳ್ಳಬಹುದಿದ್ದದ್ದನ್ನು ಎರಡಕ್ಕೆ ಇಳಿಸಿದರು. ಜಾಸ್ತಿ ಚರ್ಚೆ ಆಗಿದ್ದು ಇದರ ಬಗ್ಗೆ!

ಈಗ ಇನ್ನೊಂದು ಕಡೆಯವರಿಗೂ ಎರಡು ಮಾತು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಹಾಕಿದ್ದರು: ಜಪಾನಿನಲ್ಲಿ ಅಷ್ಟು ಬಿಗಿ ಕಾನೂನಿದ್ದರೂ 2022ರ ಜುಲೈ 8ರಂದು ನಾರಾದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು ಮನೆಯಲ್ಲೇ ಮಾಡಿದ ಬಂದೂಕಿನಿಂದ ಕೊಂದರಲ್ಲ, ಹಾಗಾದರೆ ಕಾನೂನು ಯಾಕೆ ಬೇಕು? ಸ್ವಾಮಿ, ಅದರ ಹಿಂದಿನ ವರ್ಷ, 2021ರಲ್ಲಿ, ಇಡೀ ಜಪಾನಿನಲ್ಲಿ ಗುಂಡಿನ ದಾಳಿಯಲ್ಲಿ ಸತ್ತವರು ಒಬ್ಬರು. ಅಬೆಯವರ ಕೊಲೆಗೆ ಜಗತ್ತೇ ಬೆಚ್ಚಿದ್ದು ಅಲ್ಲಿ ಅಂಥದ್ದು ಆಗುವುದೇ ಇಲ್ಲ ಅನ್ನುವ ಕಾರಣಕ್ಕೆ. ಬೇಲಿ ಒಂದು ಕಡೆ ಮುರಿದರೆ ಅಲ್ಲಿ ಗೂಟ ಹೊಡೆಯುತ್ತೇವೆ, ಇಡೀ ಬೇಲಿ ಕೀಳುವುದಿಲ್ಲ. ಜಪಾನ್ ಕೂಡ ಆಮೇಲೆ ಕಾನೂನನ್ನು ಇನ್ನೂ ಬಿಗಿ ಮಾಡಿತು, ಆನ್‌ಲೈನಿನಲ್ಲಿ ಬಂದೂಕು ಮಾಡುವುದನ್ನು ಹೇಳಿಕೊಡುವುದರ ಮೇಲೂ ಕಣ್ಣಿಟ್ಟಿತು.

ಹುಡುಗರಿಗೆ ಈಗ ಜೇಬು ಪಿಸ್ತೂಲಿನ ವಿಡಿಯೋ ಹುಚ್ಚು ಬೇರೆ. ಒಪ್ಪುತ್ತೇನೆ, ನೋಡಲು ಮಜಾ ಇದೆ. 1880ರ ದಶಕದ ಪ್ಯಾರಿಸಿನ ಒಂದು ಪಿಸ್ತೂಲು ಗುಂಡಗೆ ಅಂಗೈಯಲ್ಲಿ ಅಡಗುತ್ತಿತ್ತು, ಹಿಚುಕಿದರೆ ಗುಂಡು. ಬೆನ್ನಟ್ಟುವ ನಾಯಿ ಓಡಿಸಲು ಸೈಕಲ್ ಸವಾರರಿಗೆಂದೇ ಪುಟ್ಟ ರಿವಾಲ್ವರ್ ಮಾರುತ್ತಿದ್ದರು ಫ್ರಾನ್ಸಿನಲ್ಲಿ. (ನಮ್ಮ ಬೀದಿ ನಾಯಿ ಜಗಳದಲ್ಲಿ ಇದನ್ನು ಯಾರೂ ಸಲಹೆ ಕೊಡದಿರಲಿ ಮಾರಾಯ್ರೆ.) ಆದರೆ 1865ರಲ್ಲಿ ಲಿಂಕನ್‌ರನ್ನು ಕೊಂದದ್ದೂ ಅಂಥದ್ದೇ ಒಂದು ಜೇಬು ಪಿಸ್ತೂಲು. ನಮ್ಮಲ್ಲೂ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳ ರಕ್ಷಣೆಗೆಂದು "ನಿರ್ಭೀಕ್" ಅಂತ ಅರ್ಧ ಕೆಜಿಯ ರಿವಾಲ್ವರ್ ತಂದಿತು, ಬೆಲೆ 1.22 ಲಕ್ಷ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗಿಗೆ ಇದು ಎಟಕುತ್ತದಾ? ತೋಟದ ಕೋವಿಗೆ ಕೆಲಸ ಇದೆ, ಹಂದಿ ಬಂದರೆ ಸದ್ದು ಮಾಡಬೇಕು. ಜೇಬಿನ ಪಿಸ್ತೂಲಿಗೆ ಮನುಷ್ಯರನ್ನು ಬಿಟ್ಟರೆ ಬೇರೆ ಗುರಿ ಇಲ್ಲ.

ಕೊಡಗಿನ ಮಾತು ಬಂದೇ ಬರುತ್ತದೆ. ಅಲ್ಲಿ 1861ರಿಂದ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ, ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮೀನಿನವರು) ಇದೆ. ಅದನ್ನು 2029ರವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅಲ್ಲಿ ಕೋವಿಯಿಂದ ಕೊಲೆಯೇ ಆಗಿಲ್ಲ ಅಂತ ನಾನು ಹೇಳಲ್ಲ. ಆದರೆ ವಿನಾಯಿತಿ ಪತ್ರ ಇರುವುದರಿಂದ ಯಾರ ಮನೆಯಲ್ಲಿ ಕೋವಿ ಇದೆ ಅಂತ ಜಿಲ್ಲಾಡಳಿತಕ್ಕೆ ಗೊತ್ತಿರುತ್ತದೆ. 

ಹಾಗಾಗಿ ನನ್ನ ಬೇಡಿಕೆ ಇಷ್ಟು. ಕಳ್ಳಕೋವಿ ಇಟ್ಟುಕೊಂಡವರಿಗೆ ಕೆಲವು ತಿಂಗಳ ಅವಧಿ ಕೊಡಿ, ಆ ಅವಧಿಯಲ್ಲಿ ತಂದು ಒಪ್ಪಿಸಿದರೆ ಕೇಸು ಬೇಡ. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಹೀಗೇ ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ಹಿಂದಕ್ಕೆ ತೆಗೆದುಕೊಂಡರು. ನಮ್ಮಲ್ಲಿ ಹಣವೂ ಬೇಡ, ಹೆದರಿಕೆ ತೆಗೆದರೆ ಸಾಕು. ನಿಜವಾಗಿ ಬೆಳೆ ಕಾಯಲು ಬೇಕಾದವರು ಅರ್ಜಿ ಹಾಕಿದರೆ ವರ್ಷಗಟ್ಟಲೆ ಅಲೆಸಬೇಡಿ, ಅಲೆದು ಸುಸ್ತಾದವನೇ ಕಳ್ಳಕೋವಿ ಮಾಡುವವನ ಬಾಗಿಲು ತಟ್ಟುವುದು. ಅವಧಿ ಮುಗಿದ ಮೇಲೂ ಸಿಕ್ಕಿಬಿದ್ದರೆ ಕಾನೂನು ಇದೆಯಲ್ಲ, ಮಾಡಿಕೊಟ್ಟವನಿಂದಲೇ ಶುರು ಮಾಡಿ. ಮತ್ತೆ ಮುಂದಿನ ಚುನಾವಣೆಗೆ ನಮ್ಮ ಕೋವಿ ಇಸ್ಕೊಳ್ಳುವುದೇ ಆದರೆ ಕಾರಣ ಬರೆದು ಕೊಡಿ, ಒಣಗಿದ ಜಾಗದಲ್ಲಿ ಇಡಿ.

— ಒಬ್ಬ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ