ಫ್ಯೂಸ್ ಬದಲಿಸುವ ಮುನ್ನ ಪವರ್ ಸಪ್ಲೈ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಆಂಪ್ಲಿಫೈಯರ್‌ನ ಫ್ಯೂಸ್ ಪದೇ ಪದೇ ಸುಟ್ಟರೆ ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವುದು, ಇಲ್ಲವೇ ತಾಮ್ರದ ಎಳೆಯನ್ನೇ ಸುತ್ತಿಬಿಡುವುದು ಹಲವರ ರೂಢಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಬದಲಿಸಿದರೆ ಮುಗಿಯುವ ದುರಸ್ತಿ ಇದರಿಂದ ಟ್ರಾನ್ಸ್‌ಫಾರ್ಮರ್ ಸುಡುವವರೆಗೆ ಹೋಗಬಹುದು. ಬೆಂಕಿಯ ಅಪಾಯವಂತೂ ಇದ್ದೇ ಇದೆ.

ನನ್ನ ಆಂಪ್ಲಿಫೈಯರ್ ಹೀಗೆ ಕೆಟ್ಟಾಗ ದುರಸ್ತಿಗಾರರು ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಎರಡು ಸಲ ಬದಲಿಸಿದರೂ ಫ್ಯೂಸ್ ಉಳಿಯಲಿಲ್ಲ. ಪವರ್ ಸಪ್ಲೈಯಿಂದ ಆಂಪ್ಲಿಫೈಯರ್ ಬೋರ್ಡಿಗೆ ಹೋಗುವ ತಂತಿಗಳನ್ನು ಬಿಡಿಸಿದ ಮೇಲೂ ಅದು ಸುಟ್ಟಾಗಲೇ ದೋಷ ಟ್ರಾನ್ಸಿಸ್ಟರ್‌ಗಳಲ್ಲಿಲ್ಲ ಎಂಬುದು ಖಚಿತವಾಯಿತು. ಪವರ್ ಸಪ್ಲೈಯಲ್ಲಿ ಎಸಿಯನ್ನು ಡಿಸಿಯಾಗಿಸುವ ನಾಲ್ಕು ಡಯೋಡ್‌ಗಳ ಜೋಡಣೆಯಾದ ಬ್ರಿಡ್ಜ್ ರೆಕ್ಟಿಫೈಯರ್‌ನ ಒಂದು ಡಯೋಡ್ ಶಾರ್ಟ್ ಆಗಿತ್ತು. ಈ ಬೇರ್ಪಡಿಸುವ ಕೆಲಸ ಮೊದಲೇ ಆಗಬೇಕಿತ್ತು.

ಪರೀಕ್ಷಿಸುವಾಗ ಸ್ಪೀಕರ್ ತೆಗೆದಿಟ್ಟು, 60 ಅಥವಾ 100 ವಾಟ್‌ನ ಹಳೆಯ ತಂತಿ ಬಲ್ಬನ್ನು ಆಂಪ್ಲಿಫೈಯರ್‌ಗೆ ಬರುವ ಮೇನ್ಸ್ ಲೈನಿನಲ್ಲಿ ಸೀರೀಸ್‌ನಲ್ಲಿ ಜೋಡಿಸುವುದು ಒಳ್ಳೆಯದು. ಕೆಪಾಸಿಟರ್‌ಗಳು ಚಾರ್ಜ್ ಆಗುವಾಗ ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ದೊಡ್ಡ ಶಾರ್ಟ್ ಇಲ್ಲವೆಂದೂ ಪ್ರಖರವಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆಯೆಂದೂ ತಿಳಿಯಬಹುದು. ಆದರೆ ಬಲ್ಬ್ ಕರೆಂಟನ್ನು ಮಿತಗೊಳಿಸುತ್ತದೆಯೇ ಹೊರತು ಶಾಕ್‌ನಿಂದ ಕಾಪಾಡುವುದಿಲ್ಲ. ಪ್ಲಗ್ ಕಿತ್ತ ಮೇಲೂ, ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡದೆ, ಸೂಕ್ತ ವಾಟೇಜಿನ ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್‌ನಲ್ಲಿ ಖಚಿತಪಡಿಸಿಕೊಂಡೇ ಕೈ ಹಾಕಬೇಕು. ಮೇನ್ಸನ್ನು ನೇರವಾಗಿ ಡಿಸಿಯಾಗಿಸಿ ವೇಗವಾಗಿ ಸ್ವಿಚ್ ಮಾಡುವ ಸ್ವಿಚ್ ಮೋಡ್ ಸಪ್ಲೈಗಳ ಪ್ರೈಮರಿ (ಮೇನ್ಸ್ ಕಡೆಯ) ಭಾಗದಲ್ಲಿ 300 ವೋಲ್ಟ್‌ಗೂ ಹೆಚ್ಚು ಇರಬಹುದಾದ್ದರಿಂದ ಅವನ್ನು ಅನುಭವಿಗಳಿಗೇ ಬಿಡುವುದು ಲೇಸು.

ಫ್ಯೂಸ್ ಸುಡದೆ ಬರೀ ಗುಂಯ್‌ಗುಟ್ಟುವ ಹಮ್ ಬರುತ್ತಿದ್ದರೆ ಹುಡುಕಾಟದ ದಾರಿ ಬೇರೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಬ್ರಿಡ್ಜ್‌ನ ನಂತರದ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) 100 ಹರ್ಟ್ಸ್ ಆಗಿರುವುದರಿಂದ, ಆ ಸ್ವರದ ಹಮ್ ಕೇಳಿದರೆ ಮೊದಲು ಫಿಲ್ಟರ್ ಕೆಪಾಸಿಟರ್‌ಗಳನ್ನು ಶಂಕಿಸಬೇಕು. 50 ಹರ್ಟ್ಸ್‌ನದಾದರೆ ಗ್ರೌಂಡ್ ಸಂಪರ್ಕವನ್ನೋ ಓಪನ್ ಆದ (ಕರೆಂಟನ್ನೇ ಬಿಡದ) ಡಯೋಡನ್ನೋ ನೋಡಬೇಕು. ಕೆಪಾಸಿಟರ್ ಉಬ್ಬಿಲ್ಲವೆಂದ ಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು.

25-0-25 ವೋಲ್ಟ್‌ನ, ಅಂದರೆ ನಡುವಿನ ತುದಿಯಿಂದ ಎರಡೂ ಕಡೆ 25 ವೋಲ್ಟ್ ಎಸಿ ಕೊಡುವ ಟ್ರಾನ್ಸ್‌ಫಾರ್ಮರ್ ಇದ್ದರೆ, ಬ್ರಿಡ್ಜ್ ಮತ್ತು ಕೆಪಾಸಿಟರ್‌ಗಳ ನಂತರ ಲೋಡ್ ಇಲ್ಲದಾಗ ಪ್ಲಸ್ ಮತ್ತು ಮೈನಸ್ ಎರಡೂ ಕಡೆ ಸುಮಾರು 34 ವೋಲ್ಟ್ ಅಥವಾ ತುಸು ಹೆಚ್ಚು ಸಿಗಬೇಕು. ತಯಾರಕರು ಇಂಥ ಅಂಕಿಗಳನ್ನು ಅಳೆಯುವ ಜಾಗದಲ್ಲೇ ಬೋರ್ಡಿನ ಮೇಲೆ ಮುದ್ರಿಸಿ, ಸರ್ಕ್ಯೂಟ್ ನಕ್ಷೆಯನ್ನೂ ಕೈಪಿಡಿಯಲ್ಲಿ ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಒಬ್ಬ ಓದುಗ