ನೇತ್ರಾಣಿಯ ಹವಳದ ಮೇಲೆ ಮಂಡಿಯೂರಿಸುವುದನ್ನು ನಿಲ್ಲಿಸಿ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಚಿತ್ರದುರ್ಗದಿಂದ ನಮಸ್ಕಾರ. ಬೋರ್‌ವೆಲ್ಲಿಗೆ ಅರ್ಜಿ ಹಾಕುವ ಜಿಲ್ಲೆಯವನಿಗೆ ಕಡಲಿನ ಉಸಾಬರಿ ಯಾಕೆ ಅಂತ ತಮಗೆ ಅನ್ನಿಸಬಹುದು. ಬೆಳಿಗ್ಗೆ ಮುರ್ಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆಂದು ದೋಣಿ ಹತ್ತುವವರನ್ನು ಒಮ್ಮೆ ಮಾತಾಡಿಸಿ ನೋಡಿ. ನಾನು ಹೋದಾಗೆಲ್ಲ ಅಲ್ಲಿ ಸಿಕ್ಕವರು ಬಹುಪಾಲು ಘಟ್ಟದ ಮೇಲಿನವರು, ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ಕಡೆಯವರು. ಅವರಲ್ಲಿ ಎಷ್ಟೋ ಜನಕ್ಕೆ ಈಜೂ ಬರುವುದಿಲ್ಲ. ನನಗೆ ಇಲ್ಲೊಂದು ಸ್ಟುಡಿಯೊ ಇದೆ, ಮದುವೆ ಫೋಟೊ ನನ್ನ ಹೊಟ್ಟೆಪಾಡು. ನೀರೊಳಗೆ ಕ್ಯಾಮೆರಾ ಹಿಡಿಯುವ ಹುಚ್ಚಿಗೆ ಡೈವಿಂಗ್ ಕಲಿತೆ. ಆದ್ದರಿಂದ ನನ್ನ ತಕರಾರು ಫೋಟೊದ ಬಗ್ಗೆಯೇ.

ನೇತ್ರಾಣಿ ಇರುವುದು ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ದೋಣಿಗಳು ಹೋಗುತ್ತವೆ. ಮೊದಲ ಸಲ ಇಳಿಯುವವರನ್ನು ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡು ಕರೆದೊಯ್ಯುತ್ತಾರೆ. ಇಂಥವರಿಗೆ 12 ಮೀಟರ್ ಮಿತಿ. ನೀರಲ್ಲಿ ಇರುವುದೇ ಸ್ವಲ್ಪ ಹೊತ್ತು, ಅದರಲ್ಲಿ ಅರ್ಧ ಕಿವಿಯ ಒತ್ತಡ ಬಿಡಿಸಿಕೊಳ್ಳುವುದಕ್ಕೇ ಹೋಗುತ್ತದೆ. ಆದರೂ ಜನ ದುಡ್ಡು ಕೊಡುತ್ತಾರೆ, ಯಾಕೆಂದರೆ ಪ್ಯಾಕೇಜಿನಲ್ಲಿ ಫೋಟೊ, ವಿಡಿಯೊ ಇರುತ್ತದೆ. ಸಂಜೆಯೊಳಗೆ ಸ್ಟೇಟಸ್ಸಿಗೆ ಏರಬೇಕಲ್ಲ.

ಆ ಫೋಟೊ ತೆಗೆಯುವ ಪರಿ ಹೀಗಿದೆ. ಹೊಸಬರು ಮೇಲಕ್ಕೆ ತೇಲದಿರಲಿ ಎಂದು ಸೊಂಟಕ್ಕೆ ಸೀಸದ ತೂಕ ಒಂದಿಷ್ಟು ಜಾಸ್ತಿಯೇ ಕಟ್ಟಿರುತ್ತಾರೆ. ಕೆಳಗೆ ಮುಟ್ಟಿದ ಕೂಡಲೇ ಬಂಡೆಯ ಮೇಲೆ ಮಂಡಿಯೂರಿಸಿ, ‘ಹಿಡ್ಕೊ’ ಅಂತ ಕೈಸನ್ನೆ ಮಾಡುತ್ತಾರೆ. ಹಿಡಿಯುವುದಕ್ಕೆ ಅಲ್ಲಿ ಸಿಗುವುದು ಹವಳವೇ. ನಾನು ಕಂಡ ಒಬ್ಬ ಹುಡುಗಿ ಗಾಬರಿಗೆ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಓಕೆ ಸನ್ನೆ ಮಾಡಲು ಕೈ ಬಿಟ್ಟಾಗ ಬೆರಳಿನ ಜೊತೆ ಒಂದು ಚೂರು ಕಿತ್ತು ಬಂತು. ಪಾಪ, ಅವಳ ತಪ್ಪೇನಿಲ್ಲ. ಹಿಂದೆ ಅವಳ ಕಾಲಿಗೆ ಹಾಕಿದ್ದ ಫಿನ್ ಬಡಿತಕ್ಕೆ ಎದ್ದ ಮಣ್ಣು ಪಕ್ಕದ ಹವಳದ ಮೇಲೆಲ್ಲ ಕೂತಿತು. ಅಷ್ಟರಲ್ಲಿ ಕ್ಲಿಕ್ ಆಯಿತು, ಮುಂದಿನವರು ಬಂದರು.

ಹವಳವೆಂದರೆ ಜೀವವಿರುವ ಪ್ರಾಣಿಗಳ ಒಕ್ಕಲು. ಸುಣ್ಣದ ಗೂಡಿನ ಮೇಲೆ ತೆಳ್ಳನೆಯ ಚರ್ಮ, ಆ ಚರ್ಮದೊಳಗೆ ಬಿಸಿಲಿನಿಂದ ಆಹಾರ ತಯಾರಿಸಿಕೊಡುವ ಪಾಚಿ. ಚರ್ಮ ತರಚಿದರೆ ರೋಗ ಹತ್ತುತ್ತದೆ, ಮಣ್ಣು ಮುಚ್ಚಿದರೆ ಬಿಸಿಲು ತಪ್ಪುತ್ತದೆ. ಗುಂಡುಗಲ್ಲಿನಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ದಾಟುವುದೇ ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ ಇರುವ ಪಟ್ಟಿಗೇ, ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ಸೇರಿವೆ. ಕಾನೂನು ಇದೆ, ಕಾಯುವವರಿಲ್ಲ. ನಮ್ಮ ಕೋಟೆಯ ಬಂಡೆಯ ಮೇಲೆ ಹೆಸರು ಗೀಚಲು ಹೋದರೆ ಕಾವಲುಗಾರನಾದರೂ ಸೀಟಿ ಊದುತ್ತಾನೆ. ಅಲ್ಲಿ ಕೆಳಗೆ ಕಾವಲುಗಾರ, ಫೋಟೊಗ್ರಾಫರ್, ಪ್ಯಾಕೇಜ್ ಮಾರಿದವರ ಸಂಬಳದಾಳು ಮೂವರೂ ಒಬ್ಬನೇ.

ಕಸುಬಿನವನಾಗಿ ಇನ್ನೊಂದು ಮಾತು: ಆ ಫೋಟೊಗಳು ಚೆನ್ನಾಗಿಯೂ ಬರುವುದಿಲ್ಲ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಸೀರೆಯೂ ಕಂದು ಕಂದಾಗಿ ಕಾಣುತ್ತದೆ. ಲೆನ್ಸಿನ ಪಕ್ಕದಲ್ಲೇ ಫ್ಲಾಶ್ ಹೊಡೆದರೆ ನೀರಲ್ಲಿ ತೇಲುವ ಕಣಗಳೆಲ್ಲ ಹೊಳೆದು ಮುಖದ ಮೇಲೆ ಮಂಜು ಸುರಿದಂತಾಗುತ್ತದೆ. ಅದಕ್ಕೇ ಫ್ಲಾಶನ್ನು ಉದ್ದ ತೋಳಿಗೆ ಸಿಕ್ಕಿಸಿ ಎರಡು ಪಕ್ಕಕ್ಕೆ ದೂರ ಇಡುವುದು, ಅಗಲ ಲೆನ್ಸ್ ಹಾಕಿ ಒಂದು ಮೀಟರ್ ಒಳಗೆ ಹೋಗುವುದು. ಮಂಡಿಯೂರಿದವರನ್ನು ಮೇಲಿನಿಂದ ಹಿಡಿದರೆ ಮಣ್ಣಿನ ಹಿನ್ನೆಲೆ, ಊದಿದ ಕೆನ್ನೆ, ಅಷ್ಟೇ. ಅದೇ ಗಿರಾಕಿಯನ್ನು ಬರೀ ಮರಳಿರುವ ಜಾಗದ ಮೇಲೆ, ತಳ ಮುಟ್ಟಿಸದೆ, ಇನ್‌ಸ್ಟ್ರಕ್ಟರ್ ಹಿಡಿದುಕೊಂಡು ಕೆಳಗಿನಿಂದ ತೆಗೆಯಲಿ. ಮೇಲಿನಿಂದ ಬೀಳುವ ಬಿಸಿಲಿನ ಕೋಲು, ನೀಲಿ ನೀರು, ಗುಳ್ಳೆಗಳ ಸಾಲು ಎಲ್ಲ ಸಿಗುತ್ತದೆ. ಹವಳ ಉಳಿಯುತ್ತದೆ, ದಂಧೆಗೂ ನಷ್ಟವಿಲ್ಲ.

ಹಾಗಾಗಿ ಅರಣ್ಯ ಇಲಾಖೆಯ ಜೊತೆ ಕೂತು ಡೈವಿಂಗ್ ಪರವಾನಗಿಯಲ್ಲಿ ಈ ಷರತ್ತು ಬರೆಸಿ: ಹವಳದ ಮೇಲೆ ಕೂರಿಸಿ, ಹಿಡಿಸಿ ಫೋಟೊ ತೆಗೆಯುವಂತಿಲ್ಲ. ಜಾರಿ ಹೇಗೆ ಅನ್ನುತ್ತೀರಾ? ತಮ್ಮ ಅಧಿಕಾರಿಗಳು ನೀರಿಗೆ ಇಳಿಯುವುದೂ ಬೇಡ. ಸಾಕ್ಷಿಯನ್ನು ಗಿರಾಕಿಗಳೇ ಇನ್‌ಸ್ಟಾಗ್ರಾಂಗೆ ಹಾಕುತ್ತಾರೆ, ಕುರ್ಚಿಯಲ್ಲಿ ಕೂತೇ ನೋಡಬಹುದು. ಇಲಾಖೆಯ ಪ್ರಚಾರಕ್ಕೆ ಫೋಟೊ ಆರಿಸುವವರಿಗೂ ಇದನ್ನೇ ಹೇಳಿ.

ಲಂಗರಿನ ವಿಷಯವೂ ಇದೆ. ನಾನು ಹೋದ ಒಂದು ದೋಣಿ ಬಂಡೆಗಳ ನಡುವೆಯೇ ಕಬ್ಬಿಣದ ಲಂಗರು ಬಿಟ್ಟಿತು, ಅಲೆಗೆ ಅದರ ಸರಪಳಿ ಎಳೆದಾಡುತ್ತಿತ್ತು. ತಳದ ಬಂಡೆಗೆ ಕೊಂಡಿ ಕೂರಿಸಿ ಅದಕ್ಕೆ ಕಟ್ಟಿದ ಬೋಯ್, ಅಂದರೆ ತೇಲುವ ಬುರುಡೆಯನ್ನು, ಮೇಲೆ ಬಿಟ್ಟರೆ ದೋಣಿಗಳು ಅದಕ್ಕೇ ಹಗ್ಗ ಕಟ್ಟಿಕೊಳ್ಳುತ್ತವೆ. ಫ್ಲಾರಿಡಾದ ಕೀ ಲಾರ್ಗೊದಲ್ಲಿ 1981ರಲ್ಲೇ ಮಾಡಿದ ಕೆಲಸ ಇದು.

ಇನ್ನು ನಮ್ಮ ಜೀವದ ಮಾತು. ಆಳದಲ್ಲಿ ಒತ್ತಡಕ್ಕೆ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮುಂಚೆ ಎತ್ತರಕ್ಕೆ ಹೋದರೆ ಮೈಯೊಳಗೆ ಗುಳ್ಳೆಗಟ್ಟಬಹುದು. ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ಹೋಗಬೇಕಾದರೆ ಒಂದು ಡೈವ್ ಆದಮೇಲೆ 12 ಗಂಟೆ, ಹಲವು ಡೈವ್ ಆದಮೇಲೆ 18 ಗಂಟೆ ಕಾಯಬೇಕೆಂಬುದು ಡೈವಿಂಗ್ ಲೋಕದಲ್ಲಿ ಒಪ್ಪಿತವಾದ ಸಲಹೆ. ಚಿತ್ರದುರ್ಗ 700 ಮೀಟರ್ ಮೇಲಿದೆ. ಒಂದೇ ಸಲ, ಕಡಿಮೆ ಆಳಕ್ಕೆ ಇಳಿದವರಿಗೆ ಅಪಾಯ ಕಡಿಮೆ, ನಿಜ. ಆದರೆ ಕೋರ್ಸ್ ಮಾಡುವ ಹುಡುಗರು ದಿನಕ್ಕೆ ಎರಡು ಮೂರು ಸಲ ಇಳಿದು, ಸಂಜೆಗೇ ಗೇರುಸೊಪ್ಪೆ ಘಟ್ಟ ಹತ್ತಿ ಸಾಗರ, ಶಿವಮೊಗ್ಗ ದಾಟಿ ರಾತ್ರಿ ಊರು ಸೇರುತ್ತಾರೆ. ನಾನು ಸಹಿ ಹಾಕಿದ ಫಾರಂ ಇಂಗ್ಲಿಷಿನಲ್ಲಿತ್ತು. ವಿಮಾನ ಹತ್ತಬೇಡಿ ಅಂತಿತ್ತು, ಘಟ್ಟದ ಸುದ್ದಿಯೇ ಇರಲಿಲ್ಲ. ವಿಮಾನ ನಿಲ್ದಾಣವೇ ಇಲ್ಲದ ಊರಿನವನಿಗೆ ಅದರಿಂದೇನು ಉಪಯೋಗ? ಕನ್ನಡದಲ್ಲಿ, ಘಟ್ಟದ ಹೆಸರು ಹಾಕಿಯೇ ಬರೆಸಿ. ಆಗುವುದಾದರೆ ಒಳನಾಡಿನ ಈಜುಕೊಳಗಳಲ್ಲಿ ವಾರಾಂತ್ಯದ ತರಬೇತಿಯನ್ನೂ ನಡೆಸಿ. ಉಸಿರಿನಿಂದಲೇ ಮೈ ಏರಿಳಿಸುವುದನ್ನು ಇಲ್ಲೇ ಕಲಿತವರು ಅಲ್ಲಿ ಹವಳ ಹಿಡಿಯಲಾರರು.

ಮಳೆಗಾಲ ಮುಗಿದು ದೋಣಿಗಳು ಹೊರಡುವ ಮೊದಲು ಈ ಷರತ್ತುಗಳು ಪರವಾನಗಿಯಲ್ಲಿ ಸೇರಬೇಕೆಂದು ಕೇಳಿಕೊಳ್ಳುತ್ತೇನೆ. ತಳ ಮುಟ್ಟಿಸದೆ ಫೋಟೊ ತೆಗೆಯುವುದನ್ನು ಇನ್‌ಸ್ಟ್ರಕ್ಟರುಗಳಿಗೆ ತೋರಿಸಿಕೊಡಬೇಕಿದ್ದರೆ ನಾನೇ ಬರುತ್ತೇನೆ, ಸಂಭಾವನೆ ಬೇಡ. ಮದುವೆ ಮುಹೂರ್ತ ಇಲ್ಲದ ತಿಂಗಳು ಹೇಳಿದರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗದ ಒಬ್ಬ ಸ್ಟುಡಿಯೊ ಫೋಟೊಗ್ರಾಫರ್