‘ತೆಂಕಣ ಗಾಳಿ’ಗೆ ಪ್ರಸ್ತಾರ ಹಾಕುವ ಮುನ್ನ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ಪಂಪನ ‘ತೆಂಕಣ ಗಾಳಿ’ ಪದ್ಯದ ಛಂದಸ್ಸು ಬಿಡಿಸಲು ಕೂತಿದ್ದೀಯಂತೆ, ಸಂತೋಷ. 941ರ ವಿಕ್ರಮಾರ್ಜುನ ವಿಜಯದ ಈ ಪದ್ಯವನ್ನು ಪದ ಬಿಡಿಸಿ ಅಚ್ಚುಹಾಕಿದ ಪಾಠ ಇಟ್ಟುಕೊಂಡು ಪ್ರಸ್ತಾರ ಹಾಕಬೇಡ. ಪ್ರಸ್ತಾರವೆಂದರೆ ಅಕ್ಷರಗಳಿಗೆ ಗುರು (ಎರಡು ಮಾತ್ರೆ), ಲಘು (ಒಂದು ಮಾತ್ರೆ) ಗುರುತು ಹಾಕಿ ಗಣ ಬಿಡಿಸುವುದು. ‘ಸೋಂಕಿದೊಡಂ ಒಳ್ನುಡಿ’ ಎಂದು ಬರೆದುಕೊಂಡರೆ ‘ಡಂ’ ಗುರುವಾಗಿ, ಮೂರೂ ಲಘುವಿರಬೇಕಾದ ನಗಣ ಕೆಡುತ್ತದೆ. ‘ಸೋಂಕಿದೊಡಮೊಳ್ನುಡಿ’ ಎಂದು ಸಂಧಿ ಕೂಡಿಸಿ, ಗಟ್ಟಿಯಾಗಿ ಓದಿ, ಆಮೇಲೆ ಗುರುತು ಹಾಕು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ: ‘ಮೊ’ ಗುರು, ‘ಳ್ನು’ ಲಘು. ಹೆಚ್ಚಿನವರು ಎಡವುವುದು ಇಲ್ಲೇ.

ತೆಂಕಣ | ಗಾಳಿಸೋಂ | ಕಿದೊಡ | ಮೊಳ್ನುಡಿ | ಗೇಳ್ದೊಡ | ಮಿಂಪನಾ | ಳ್ದ ಗೇ

ಭ (ಗುರು-ಲಘು-ಲಘು), ರ (ಗುರು-ಲಘು-ಗುರು), ನ, ಭ, ಭ, ರ ಎಂಬ ಮೂರಕ್ಷರದ ಗಣಗಳು, ಕೊನೆಗೊಂದು ಲಘು, ಒಂದು ಗುರು. ಸಾಲಿಗೆ 20 ಅಕ್ಷರ, 28 ಮಾತ್ರೆ: ಉತ್ಪಲಮಾಲೆ. ಮೊದಲ ಗುರುವನ್ನು ಎರಡು ಲಘು ಮಾಡಿದರೆ 21 ಅಕ್ಷರದ ಚಂಪಕಮಾಲೆಯಾಗುತ್ತದೆ, ಹಾಗಾಗಿ ಸಾಲಿನ ಆರಂಭವನ್ನು ಎರಡು ಸಲ ನೋಡು.

ಸಾಲು ‘ಗೇ’ ಎಂದು ನಿಂತದ್ದಕ್ಕೆ ಗಾಬರಿಯಾಗಬೇಡ. ‘ಗೇಯಂ’ ಪದ ಮುಂದಿನ ಸಾಲಿಗೆ ಹರಿದಿದೆ. ‘ಅಲಂಪಂ’, ‘ಆರಂಕುಸಂ’ ಕೂಡ ಹೀಗೇ ಒಡೆದಿವೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸ ಸಿಗುವುದು ಈ ಒಡೆತದಿಂದ: ತೆಂಕ, ಯಂಕಿ, ಪಂಗೆ, ರಂಕು. ಪ್ರಾಸಾಕ್ಷರದ ಹಿಂದೆ ಸೊನ್ನೆಯಿರುವುದರಿಂದ ವೃಷಭಪ್ರಾಸ. ಮೂರನೆಯ ಸಾಲಿನಲ್ಲಿ ಕಕಾರದ ಬದಲು ಗಕಾರವಿದೆ. ಅದನ್ನು ಮುಚ್ಚಿಡದೆ, ಅದೂ ಕವರ್ಗದ್ದೇ ಎಂದು ಬರೆ. ಅಂತ್ಯಪ್ರಾಸ ಹುಡುಕುತ್ತಾ ಹೊತ್ತು ಕಳೆಯಬೇಡ.

ಬಹಳ ಮಂದಿ ಇಷ್ಟಕ್ಕೇ ಪೆನ್ನು ಕೆಳಗಿಡುತ್ತಾರೆ. ನೀನು ‘ಒಡಂ’ಗಳನ್ನು, ಅಂದರೆ ‘ಸೋಂಕಿದರೂ’ ಎಂಬಲ್ಲಿಯ ‘-ದರೂ’ ಅರ್ಥದ ಪ್ರತ್ಯಯಗಳನ್ನು, ಎಣಿಸು. ಏಳಿವೆ. ತೆಂಕಣ ಗಾಳಿ ಮೈಗೆ ಸೋಂಕಿದರೂ, ಒಳ್ಳೆಯ ಮಾತು ಕೇಳಿದರೂ, ಇಂಪಾದ ಹಾಡು ಕಿವಿಹೊಕ್ಕರೂ, ಬಿರಿದ ಮಲ್ಲಿಗೆ ಕಂಡರೂ... ಮೊದಲು ಮೈ, ಆಮೇಲೆ ಕಿವಿ, ಆಮೇಲೆ ಕಣ್ಣು. ಮಾತು ಮುಗಿಯದೆ ಮೂರು ಸಾಲು ತೂಗುತ್ತದೆ. ಮನಸ್ಸು ನೆನೆಯುತ್ತದೆ ಎನ್ನುವ ‘ನೆನೆವುದು’ ಬರುವುದು ನಾಲ್ಕನೆಯದರಲ್ಲಿ.

ಈಗ ಗೀಟು ಹಾಕಿದ ಹಾಳೆಯಲ್ಲಿ ನಾಲ್ಕೂ ಸಾಲಿನ ಗಣಗಳನ್ನು ಒಂದರ ಕೆಳಗೊಂದು ಬರೆದು ಐದನೆಯ ಮನೆಯನ್ನು ಮೇಲಿಂದ ಕೆಳಕ್ಕೆ ಓದು: ಗೇಳ್ದೊಡ, ಗಂಡೊಡ, ಮಾದೊಡ. ನಾಲ್ಕನೆಯ ಸಾಲಿನಲ್ಲಿ ಅದೇ ಮನೆಯಲ್ಲಿರುವುದು ‘ನಂಬನ’. ‘ಮನಂ’ ಮುಗಿದು ‘ಬನವಾಸಿ’ ಹೊರಡುವ ಜಾಗ ಅದು. ಕಿವಿ ಇನ್ನೊಂದು ‘ಒಡ’ಕ್ಕೆ ಕಾದಿರುವಲ್ಲಿ ಊರಿನ ಹೆಸರು ಬಂದುಬಿಡುತ್ತದೆ. ನಿನ್ನ ಪ್ರಬಂಧವನ್ನು ಈ ಮನೆಯಿಂದಲೇ ಶುರುಮಾಡು.

ಇತಿ,
ನಿನ್ನ ದೊಡ್ಡಪ್ಪ